ಬೂದಿ ಹಾಕಲು ಒಪ್ಪದ ಅಜ್ಜಿ

ಫ್ರೆಂಡ್ಸ್, ಈ ಕ್ರಿಕೆಟ್ ಸರಣಿಯ ಇವತ್ತಿನ ಮ್ಯಾಚ್ ನನಗೆ ನೋಡಲು ಸಿಗಲಿಲ್ಲ. ಟಿವಿಯಲ್ಲಿ ಬರೀ ಚುಕ್ಕಿ ಬರುತ್ತಿತ್ತು. ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದೆ; ಚಿತ್ರವೇನೋ ಬಂತು, ಆದರೆ ತುಕ್ಕು ಹಿಡಿದ ಕಡ್ಡಿ ಅಂಗೈ ಸೀಳಿತು.

ನಮ್ಮಜ್ಜಿ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು. ನಾವು ಚಿಕ್ಕವರಿದ್ದಾಗ ಯಾರಿಗೆ ಗಾಯವಾದರೂ ಹತ್ತಿ ಸುಟ್ಟು ಆ ಬೂದಿ ಒತ್ತುತ್ತಿದ್ದಳು. ಉರಿಗೆ ಹೆದರಿ ನಾನು ಅಟ್ಟದಲ್ಲಿ ಅಡಗುತ್ತಿದ್ದೆ. ಸುಟ್ಟ ಹತ್ತಿಯ ವಾಸನೆ ಈಗಲೂ ನನಗೆ ಬೇಸಿಗೆ ರಜೆಯ ವಾಸನೆಯೇ. ಇವತ್ತು ನಾನೇ ಕೈ ಚಾಚಿದೆ.

"ಬೇಗ ಬೂದಿ ಹಾಕಜ್ಜಿ, ಮ್ಯಾಚ್ ಶುರುವಾಯ್ತದೆ."

ಅಜ್ಜಿ ಒಗೆದ ಬಟ್ಟೆ ಒತ್ತಿ ಹಿಡಿದಳು. ಎಷ್ಟು ಹೊತ್ತಾದರೂ ರಕ್ತ ನಿಲ್ಲಲಿಲ್ಲ.

"ತುಕ್ಕು ಕಬ್ಣ ಕಣ್ಲಾ, ಗಾಯ ಬಾಯ್ ಬುಟ್ಕಂಡದೆ. ಬೂದಿ ಗೀದಿ ಬ್ಯಾಡ. ನಂಜನಗೂಡ್ಗೋಗಿ ಒಲಿಗೆ ಆಕುಸ್ಕೊ, ಸೂಜಿ ಚುಚ್ಚುಸ್ಕೊ."

"ಮ್ಯಾಚ್ ಮುಗಿಸ್ಕಂಡ್ ಓಯ್ತೀನಜ್ಜಿ."

"ಅವ್ರು ನಾಳೆನೂ ಆಡ್ತಾರೆ. ನಿಂಗೆ ಇನ್ನೊಂದ್ ಕೈ ಯಾರ್ಲಾ ಕೊಟ್ಟಾರು?"

ಹೊಲಿಗೆ, ಇಂಜೆಕ್ಷನ್ ಎಲ್ಲ ಆಗಿ ಸಂಜೆ ಮನೆಗೆ ಬಂದು, ಮ್ಯಾಚ್ ಹೆಂಗಿತ್ತು ಅಂತ ಅಜ್ಜಿಯನ್ನೇ ಕೇಳಿದೆ.

"ಬ್ಯಾಟ್ ಇಡ್ಕಂಡ್ ಬಂದೋರೆಲ್ಲಾ ವಾಪಸ್ ಓಯ್ತಿದ್ರು ಕಣ್ಲಾ. ಆ ಸಪ್ಪೆ ಮಕ ನೋಡಕಾಗ್ದೆ ಟೀವಿ ಆಪ್ ಮಾಡ್ಬುಟ್ಟೆ."

ಈ ಸರಣಿಯ ಬಗ್ಗೆ ಇಷ್ಟು ನಿಖರವಾದ ವರದಿ ನಾನು ಇನ್ನೆಲ್ಲೂ ಓದಿಲ್ಲ.