ಅಂಕಲಗಿ ತಿರುವಿನ ಪೊಲೀಸರು

ಎದುರಿನ ಲಾರಿ ಎರಡು ಸಲ ಲೈಟು ಹೊಡೆಯಿತೆಂದರೆ ಮುಂದೆ ಪೊಲೀಸರಿದ್ದಾರೆ ಎಂದರ್ಥ. ಇದು ನಮ್ಮ ಡ್ರೈವರುಗಳಿಗೆಲ್ಲ ಗೊತ್ತು. ಹಿಂದಿನ ವಾರವಷ್ಟೇ ನಾನು ಹುಕ್ಕೇರಿಯಲ್ಲಿ ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸಿ ದಂಡ ಕಟ್ಟಿದ್ದೆ. ಹಾಗಾಗಿ ಅವತ್ತು ಅಂಕಲಗಿ ಹತ್ತಿರ ಒಂದು ಲಾರಿ ಲೈಟು ಹೊಡೆದ ಕೂಡಲೇ ಕಿವಿಯಲ್ಲಿದ್ದ ಫೋನನ್ನು ಸೀಟಿನ ಮೇಲೆ ಒಗೆದೆ. ಬೆಲ್ಟು ಎಳೆದುಕೊಂಡು, ವೇಗ ಇಳಿಸಿ, ದೊಡ್ಡ ಸಭ್ಯಸ್ಥನ ಹಾಗೆ ತಿರುವು ದಾಟಿದೆ.

ಪೊಲೀಸರು ಇರಲಿಲ್ಲ. ರಸ್ತೆ ತುಂಬ ಕುರಿಗಳಿದ್ದವು. ಬ್ರೇಕು ಒತ್ತಿದಾಗ ಬಂಪರಿಗೂ ಹತ್ತಿರದ ಕುರಿಗೂ ನಡುವೆ ಒಂದು ಮೊಳ ಉಳಿಯಿತು. ಮೊದಲಿನ ವೇಗದಲ್ಲೇ ಬಂದಿದ್ದರೆ ನಾಲ್ಕಾರು ಕುರಿ ಗಾಡಿಯಡಿ ಇರುತ್ತಿದ್ದವು.

ಹಿಂಡಿನ ಹಿಂದೆ ಕಂಬಳಿ ಹೊತ್ತ ಮುದುಕರೊಬ್ಬರು ನಿಂತಿದ್ದರು.

"ಕಾಕಾ, ಪೊಲೀಸರು ಎಲ್ಲಿ ಅದಾರ್ರಿ?" ಎಂದೆ.

"ಯಾರೂ ಇಲ್ರಿ. ಲೈಟ್ ಹೊಡಕೋತ ಹೋಗ್ರಿ ಅಂತ ಆ ಲಾರಿಯವಗ ನಾನ ಹೇಳೇನಿ."

"ಕುರಿ ಅದಾವು ಅಂತ ಕೈ ಮಾಡಿದ್ರ ಸಾಕಾಗತಿತ್ತಲ್ರಿ?"

"ಕುರಿ ಕಂಡ್ರ ನೀವು ಹಾರ್ನ್ ಹೊಡೀತೀರಿ. ಪೊಲೀಸರಂದ್ರ ಅಷ್ಟ ಬ್ರೇಕ್ ಒತ್ತತೀರಿ," ಎಂದು ನಕ್ಕರು. "ಇನ್ನೂ ಅರ್ಧ ಹಿಂಡು ದಾಟೂದೈತಿ. ನೀವೂ ಹೊಡಕೋತ ಹೋಗ್ರಿ, ಸಾಹೇಬ್ರ."

ಹೊಡೆಯುತ್ತಲೇ ಹೋದೆ. ಎದುರು ಬಂದ ಲಾರಿಗಳೆಲ್ಲ ಮೆತ್ತಗಾದವು. ಅದೇ ಹುರುಪಿನಲ್ಲಿ, ಸರಿಯಾಗಿ ನೋಡದೆ, ಒಂದು ಪೊಲೀಸ್ ಜೀಪಿಗೂ ಲೈಟು ಹೊಡೆದುಬಿಟ್ಟೆ. ಮತ್ತೆ ದಂಡ ಬಿತ್ತು ಎಂದುಕೊಂಡೆ. ಆದರೆ ಅದರ ಡ್ರೈವರು ನನ್ನನ್ನು ನಿಲ್ಲಿಸಲಿಲ್ಲ. ಪಾಪ, ಗಡಬಡಿಸಿ ತನ್ನ ಬೆಲ್ಟು ಹುಡುಕುತ್ತಿದ್ದ.