ಜ್ವರ ಬಾರದವರನ್ನೂ ವಿಚಾರಿಸಿದ ಮೊರ್ಜಿನಾ ಖಾಲಾ

ಮೊರ್ಜಿನಾ ಖಾಲಾಳನ್ನು ಮೊದಲ ನೋಟಕ್ಕೆ ಯಾರೂ ಬೆಲೆ ಕಟ್ಟಿ ಕೊಳ್ಳುವುದಿಲ್ಲ. ಆಳು ಗಿಡ್ಡ, ಮೈ ದುಂಡಗೆ, ಎಡಗೆನ್ನೆ ಯಾವಾಗಲೂ ಎಲೆಯಡಿಕೆಯಿಂದ ಉಬ್ಬಿರುತ್ತದೆ. ಕೊಡೆ ಹಳೆಯದು, ಚಪ್ಪಲಿ ಅದಕ್ಕಿಂತ ಹಳೆಯದು. ಆದರೆ ಒಳಗಿನ ಸರಕು ಗಟ್ಟಿ. ನಮ್ಮ ಬೇತ್‌ಬಾಡಿಯಾ ಊರಿಗೆಲ್ಲ ಅವಳು ಖಾಲಾ, ಎಂದರೆ ಚಿಕ್ಕಮ್ಮ. ಇಲ್ಲಿನ ಅರ್ಧ ಮನೆಗಳ ಮದುವೆ ಕುದುರಿಸಿದವಳು ಅವಳೇ. ಯಾರ ಸೊಸೆ ಯಾರೊಂದಿಗೆ ಮಾತು ಬಿಟ್ಟಿದ್ದಾಳೆ, ಯಾವ ಮನೆಯ ಮೀನುಸಾರಿನಲ್ಲಿ ಮೀನಿಗಿಂತ ಬದನೆಕಾಯಿ ಹೆಚ್ಚು, ಎಲ್ಲ ಅವಳಿಗೆ ಗೊತ್ತು. ಈಚಲ ಬೆಲ್ಲದ ವ್ಯಾಪಾರಿಯಾದ ನಾನು ಅಚ್ಚಿನ ಅಂಚು ಮುರಿದು, ಮೂಸಿ ಬೆಲ್ಲದ ಗುಣ ಹೇಳಬಲ್ಲೆ. ಅವಳು ಅಂಗಳದಲ್ಲಿ ಒಣಹಾಕಿದ ಬಟ್ಟೆ ನೋಡಿ ಮನೆಯ ಗುಣ ಹೇಳುತ್ತಾಳೆ. ಒಂದೇ ದೋಷ: ತಾನು ಕೂಡಿಸಿದ ಸಂಬಂಧ ಒಂದೂ ಮುರಿದಿಲ್ಲ ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

ಆ ಚಳಿಗಾಲದಲ್ಲಿ ಒಂದು ಮುರಿಯುವುದರಲ್ಲಿತ್ತು, ಅದೂ ನನ್ನ ಮಗಳು ಲುತ್ಫಾಳದು. ನದಿಯಾಚೆಯ ಶಿಮುಲ್‌ಕಾಂದಿಯ ಇದ್ರಿಸ್ ಮುನ್ಶಿಯ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ನಮ್ಮೂರಿನ ಮೂರು ಮನೆಗಳಿಗೆ ಜ್ವರ ಹೊಕ್ಕಿತು. ಮೈ ಸುಟ್ಟು, ಬುದ್ಧಿ ತಪ್ಪಿ, ಇಬ್ಬರು ಮಣ್ಣು ಸೇರಿದರು. ಮುನ್ಶಿಯಿಂದ ಮಾತು ಬಂತು: ನಿಮ್ಮೂರಿಗೆ ಕೆಟ್ಟ ಗಾಳಿ ಬಡಿದಿದೆ, ಆ ಗಾಳಿ ಹೊತ್ತು ತರುವ ಸೊಸೆ ಬೇಡ.

"ಗಾಳಿ ಅಂತೆ!" ಎಂದಳು ಖಾಲಾ. "ಗಾಳಿಗೆ ನದಿ ದಾಟೋಕೆ ದೋಣಿ ಬೇಕಾ? ಬಡಿಯೋದಾಗಿದ್ರೆ ಇಷ್ಟೊತ್ತಿಗೆ ಅವನ ಗಡ್ಡಕ್ಕೂ ಬಡೀತಿತ್ತು."

ಬೈದು ಕೂತರೆ ಮದುವೆ ನಡೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಢಾಕಾದಿಂದ ಜ್ವರದ ಮೂಲ ಹುಡುಕಲು ಒಬ್ಬ ಡಾಕ್ಟರ್ ಹೆಂಗಸು ಬಂದಿದ್ದಳು. ಅವಳೆದುರು ಊರಿನ ಹೆಂಗಸರು ಸೆರಗೆಳೆದುಕೊಂಡು ಬಾಯಿ ಬಿಡುತ್ತಿರಲಿಲ್ಲ. ಖಾಲಾ ಯಾರೂ ಕರೆಯದೆಯೇ ಅವಳ ಜೊತೆಯಾದಳು.

"ಮಾತಾಡೇ ಹುಡುಗಿ," ಎಂದು ಬಾಗಿಲಲ್ಲೇ ಗದರುವಳು, "ಈ ಡಾಕ್ಟರ್ ಆಪಾ ನಿನಗೆ ಸವತಿ ಹುಡುಕೋಕೆ ಬಂದಿಲ್ಲ."

ಜ್ವರದ ಮನೆಗಳು ಮುಗಿದ ಮೇಲೆ ಡಾಕ್ಟರು ಚೆನ್ನಾಗಿರುವವರ ಮನೆಯತ್ತ ತಿರುಗಿದಳು.

"ದಾರಿ ತಪ್ಪಿದ್ರಿ ಆಪಾ. ಈ ಮನೇಲಿ ಯಾರಿಗೂ ಒಂದು ಸೀನು ಕೂಡ ಬಂದಿಲ್ಲ."

"ಅದಕ್ಕೇ ಹೋಗ್ತಿರೋದು ಖಾಲಾ. ಜ್ವರ ಬಂದವರೆಲ್ಲ ಊರ ಕೊಳದ ಮೀನು ತಿಂದಿದಾರೆ. ಮೀನಿಂದಲೇ ಅಂದ್ಬಿಡಬಹುದು. ಆದ್ರೆ ಜ್ವರ ಬರದವರೂ ಅದನ್ನೇ ತಿಂದಿದ್ರೆ?"

ಖಾಲಾಳ ದವಡೆ ನಿಂತಿತು. "ಪಾಪ, ಮೀನಿನ ಮೇಲೆ ಸುಳ್ಳು ಅಪವಾದ! ಅಯ್ಯೋ, ಇದು ನನ್ನ ಕಸುಬೇ ಅಲ್ವಾ? ಗಂಡಿನ ಗುಣ ಗಂಡಿನ ಮನೇಲಿ ಕೇಳಿದ್ರೆ ಸಿಗಲ್ಲ ಆಪಾ. ಪಕ್ಕದ ಮನೇಲಿ ಕೇಳ್ಬೇಕು."

ಅಂದಿನಿಂದ ಇಬ್ಬರೂ ಊರನ್ನೇ ಜಾಲಾಡಿದರು. ಗಾಳಿ ಎಲ್ಲರಿಗೂ ಒಂದೇ, ಬಾವಿ ಒಂದೇ, ಮೀನೂ ಒಂದೇ. ಜ್ವರ ಹೊಕ್ಕ ಮೂರರಲ್ಲಿ ಒಂದಾದ ಸರ್ದಾರರ ಮನೆಯಲ್ಲಿ ಖಾಲಾಳ ಕಿವಿ ನೆಟ್ಟಗಾಯಿತು. ಹಿರಿಸೊಸೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಳು. ಕಿರಿಸೊಸೆ ಗುಂಡುಕಲ್ಲಿನಂತಿದ್ದಳು. ಮುಂಜಾನೆ ಮರದಿಂದ ಇಳಿಸಿದ ಈಚಲ ರಸವನ್ನು ಇಬ್ಬರೂ ಕುಡಿದಿದ್ದರು.

"ಒಂದೇ ಗಡಿಗೆಯದಾ?"

"ಹೂಂ ಖಾಲಾ. ಅಕ್ಕ ಹಸಿಯಾಗೇ ಕುಡಿದ್ರು. ನನಗೆ ಹಲ್ಲುನೋವು, ತಣ್ಣಗಿರೋದು ಮುಟ್ಟೋಕಾಗಲ್ಲ. ಕುದಿಸ್ಕೊಂಡು ಕುಡಿದೆ."

"ನಿನ್ನ ಹಲ್ಲಿಗೆ ನೂರು ವರ್ಷ ಆಯಸ್ಸು!" ಎಂದು ಖಾಲಾ ಅವಳ ಗಲ್ಲ ಹಿಂಡಿದಳು.

ಡಾಕ್ಟರಿಗೆ ಒಂದು ಹಲ್ಲಿನ ಸಾಕ್ಷಿ ಸಾಲಲಿಲ್ಲ. ಮತ್ತೆ ಎಲ್ಲ ಮನೆ ಸುತ್ತಿಸಿದಳು. ಹಸಿರಸ ಕುಡಿದೂ ಏನೂ ಆಗದವರಿದ್ದರು. ಆದರೆ ಕುದಿಸಿ ಕುಡಿದವರಲ್ಲಿ ಒಬ್ಬರೂ ಮಲಗಿರಲಿಲ್ಲ. ರಸವನ್ನೇ ಮುಟ್ಟದೆ ಜ್ವರ ಹಿಡಿದವಳು ಒಬ್ಬ ತಾಯಿ ಮಾತ್ರ. ಅವಳು ಜ್ವರದಿಂದ ಮಲಗಿದ್ದ ಮಗನ ತಟ್ಟೆಯಲ್ಲಿ ಉಳಿದದ್ದನ್ನು ಉಂಡಿದ್ದಳು. ರಕ್ತ ಪರೀಕ್ಷೆಯಲ್ಲಿ ನಿಪಾ ವೈರಸ್ ಎಂದು ಬಂತು. ರೋಗಿಯ ತಟ್ಟೆ ಲೋಟ ಬೇರೆ ಇಡಿ, ಆರೈಕೆ ಮಾಡಿದ ಕೈ ಸಾಬೂನಿನಲ್ಲಿ ತೊಳೆಯಿರಿ ಎಂದು ಡಾಕ್ಟರು ಹೇಳಿದ್ದನ್ನು ಖಾಲಾ ಮನೆಮನೆಗೆ ಬೈಗುಳದ ಜೊತೆ ಮುಟ್ಟಿಸಿದಳು. ಬೆಲ್ಲವಂತೂ ಗಂಟೆಗಟ್ಟಲೆ ಕುದಿದದ್ದು, ಅದಕ್ಕೆ ದೋಷವಿಲ್ಲ ಎಂಬ ಸುದ್ದಿಯನ್ನು ಸಂತೆಗೆ ಮುಟ್ಟಿಸುವ ಹೊಣೆ ನಾನೇ ಹೊತ್ತೆ. ಊರ ಸೇವೆ ಎಂದರೆ ನಾನು ಹಿಂದೆ ಬೀಳುವವನಲ್ಲ.

ಮರ ಕೆತ್ತಿ ರಸ ಇಳಿಸುವ ಕೊಬಾದ್ ಅಲಿ ಮಾತ್ರ ಕುಡುಗೋಲು ಹಿಡಿದೇ ಎದ್ದ. "ನನ್ನ ಮರಗಳು ನನ್ನ ಮಕ್ಕಳಿದ್ದ ಹಾಗೆ! ವಿಷ ಕೊಡ್ತಾವಾ?"

"ನಿನ್ನ ಮಕ್ಕಳು ಒಳ್ಳೇವೇ ಕಣೋ. ಸಹವಾಸ ಸರಿಯಿಲ್ಲ. ನೋಡು," ಎಂದಳು ಖಾಲಾ.

ಡಾಕ್ಟರು ಹಿಂದಿನ ರಾತ್ರಿ ಅವನ ಮರಕ್ಕೆ ಕ್ಯಾಮೆರಾ ಕಟ್ಟಿಸಿದ್ದಳು. ಬೆಳಗಿನ ಬಿಸಿಲಲ್ಲಿ ಊರೆಲ್ಲ ಮುಗಿಬಿದ್ದು ಚಿತ್ರ ನೋಡಿತು. ಕೆತ್ತಿದ ಜಾಗಕ್ಕೆ ಒಂದು ಬಾವಲಿ ತಲೆಕೆಳಗಾಗಿ ಜೋತು ಬಿದ್ದು, ರಸ ನೆಕ್ಕಿ, ಹೋಗುವ ಮುನ್ನ ಗಡಿಗೆಯೊಳಗೇ ಉಚ್ಚೆ ಹೊಯ್ದಿತು. ಕೊಬಾದ್ ಕುಡುಗೋಲನ್ನು ಚಿತ್ರದತ್ತ ಚಾಚಿದ.

"ಹರಾಮಿ! ದಿನಾ ನನಗಿಂತ ಮೊದಲು ಇವನೇ ರುಚಿ ನೋಡ್ತಿದ್ದಾನೆ!"

ಊರು ನಕ್ಕಿತು, ಜ್ವರ ಬಂದ ಮೇಲೆ ಅದೇ ಮೊದಲ ನಗು. ಆ ವಾರವೇ ಅವನು ಬಿದಿರು ಸೀಳಿ ತಟ್ಟಿ ಹೆಣೆದು, ಬಾವಲಿ ರಸ ಮುಟ್ಟದಂತೆ ಮರಮರಕ್ಕೂ ಲಂಗ ಉಡಿಸಿದ. ನಿಪಾ ಬರುವುದೇ ಬಾವಲಿಯ ಎಂಜಲು, ಉಚ್ಚೆಯಿಂದ, ತಟ್ಟಿ ಕಟ್ಟಿದರೂ ರಸವನ್ನು ಕುದಿಸದೆ ಯಾರೂ ಬಾಯಿಗಿಡಕೂಡದು ಎಂದಳು ಡಾಕ್ಟರು.

ಖಾಲಾ ದೋಣಿ ಹತ್ತಿ ಶಿಮುಲ್‌ಕಾಂದಿಗೆ ಹೋದಳು, ಜೊತೆಗೆ ನಾನೂ. ಮುನ್ಶಿ ಅಂಗಳದ ಆಚೆಯಿಂದಲೇ ಮಾತಾಡಿದ.

"ಅಲ್ಲೇ ನಿಲ್ಲು ಮೊರ್ಜಿನಾ. ಗಾಳಿ ತಂದಿದೀಯಾ?"

"ಗಾಳಿ ಅಲ್ಲ ಮುನ್ಶಿ ಭಾಯಿ, ಬಾವಲಿ. ಅದು ನಿಮ್ಮೂರಲ್ಲೂ ಇದೆ. ನಿಮ್ಮ ಮರಕ್ಕೂ ಗಡಿಗೆ ಕಟ್ಟಿದೆ. ನೀವೂ ದಿನಾ ಹಸಿರಸಾನೇ ಕುಡಿಯೋದು. ಈಗ ಹೇಳಿ, ಯಾರು ಯಾರಿಗೆ ಹೆದರ್ಬೇಕು?"

ಅವಳು ನಿಂತಲ್ಲೇ ಎಲ್ಲ ಬಿಡಿಸಿ ಹೇಳಿದಳು. ಮುನ್ಶಿಯ ಮುಖ ಇಳಿಯಿತು. ಅವನ ಕೈಯಲ್ಲಿ ಅರ್ಧ ಖಾಲಿಯಾದ ಹಸಿರಸದ ಲೋಟವಿತ್ತು. ಹಿತ್ತಿಲಿಗೆ ಹೋಗಿ ಚೆಲ್ಲಿ ಬಂದ.

"ಆಯ್ತು, ಮದುವೆ ಆಗ್ಲಿ. ಆದ್ರೆ ಬೀಗರ ಮನೇಲಿ ಮೊದಲ ಬೆಳಿಗ್ಗೆ ಅಳಿಯನಿಗೆ ಹಸಿರಸ ಕೊಡದಿದ್ರೆ ಜನ ಏನಂದಾರು?"

"ಅಳಿಯ ಬದುಕಿದಾನೆ ಅಂತಾರೆ."

ಮದುವೆ ಮಾಘದಲ್ಲಿ ನಡೆಯಿತು. ಮರುದಿನ ಬೆಳಿಗ್ಗೆ ಕೊಬಾದ್ ಇಳಿಸಿದ ರಸವೆಲ್ಲ ನಮ್ಮ ಅಂಗಳದ ಕಡಾಯಿಯಲ್ಲಿ ಕುದಿಯಿತು. ಹೊಸ ಅಕ್ಕಿ ಹಾಕಿ ಪಾಯಸ ಮಾಡಿಸಿದ್ದೆ. ಗಂಡಿನ ಸೋದರಮಾವ ಒಬ್ಬ ಕೊಬಾದನನ್ನು ಬೇಲಿಯ ಮರೆಗೆ ಕರೆದು, "ಒಂದೇ ಲೋಟ ಹಸೀದು ಕೊಡೋ," ಎಂದು ಪಿಸುಗುಟ್ಟಿದ.

"ಬಾವಲಿ ಎಂಜಲು ಬೀಗರಿಗೆ ಬಡಿಸಲ್ಲ ಮಾಮಾ, ಖಾಲಾ ನನ್ನ ಕಾಲು ಮುರೀತಾಳೆ," ಎಂದು ಕೊಬಾದ್ ಊರಿಗೆಲ್ಲ ಕೇಳುವಂತೆ ಹೇಳಿದ. ಮಾವ ತೆಪ್ಪಗೆ ಬಂದು ಪಾಯಸಕ್ಕೆ ಕೂತ. ಮೂರು ಸಲ ಬಡಿಸಿಕೊಂಡ.

ಆ ಚಳಿಗಾಲ ನಮ್ಮೂರಿಗೆ ಮತ್ತೆ ಜ್ವರ ಬರಲಿಲ್ಲ. ನನ್ನ ಮಗಳು ಶಿಮುಲ್‌ಕಾಂದಿಯಲ್ಲಿ ಸುಖವಾಗಿದ್ದಾಳೆ. ನನ್ನ ಅಳಿಯ, ನನ್ನ ಬೀಗರು, ಆ ಮದುವೆಗೆ ಬಂದ ನೆಂಟರು ಎಲ್ಲರೂ ನಮ್ಮ ಮನೆಯಿಂದ ಆರೋಗ್ಯವಾಗಿ ಹೊರಟರು. ಇದಕ್ಕಾಗಿ ನಾನು ಮೊರ್ಜಿನಾ ಖಾಲಾಗೆ ಋಣಿ.