ದಾಯಾದಿಯ ಹಾರ್ನು

ಚಿಕ್ಕಪ್ಪನ ಮಗ ತನ್ನ ಟ್ರ್ಯಾಕ್ಟರಿಗೆ ನಾಗಸ್ವರ ಊದುವ ಹಾರ್ನು ಹಾಕಿಸಿದ ದಿನದಿಂದ ನನ್ನ ಹೊಟ್ಟೆ ಉರಿಯತೊಡಗಿತು. ಕಬ್ಬು ತುಂಬಿಕೊಂಡು ಅವನು ಬೀದಿಗೆ ಬಂದರೆ ಊರೆಲ್ಲ ಜಗಲಿಗೆ ಬಂದು ನಿಲ್ಲುತ್ತಿತ್ತು. ನನ್ನ ಟ್ರ್ಯಾಕ್ಟರು ಕೆಮ್ಮಿದಂತೆ ಕೂಗಿದರೆ ಮಲಗಿದ್ದ ನಾಯಿಯೂ ಏಳುತ್ತಿರಲಿಲ್ಲ.

ತಡೆಯಲಾರದೆ ಮದ್ದೂರಿಗೆ, ಅವನಿಗೆ ಹಾಕಿಕೊಟ್ಟ ಅಂಗಡಿಗೇ ಹೋದೆ.

"ಅವ್ನಿಗೆ ಆಕಿದ್ದೇ ಆಕು. ಇನ್ನೂ ಜೋರಾಗಿರ್ಲಿ," ಎಂದೆ.

ಮೆಕ್ಯಾನಿಕ್ ನಕ್ಕ. "ಬ್ಯಾರೆ ರಾಗದವೂ ಅವೆ ಕಣಣ್ಣ."

"ಬ್ಯಾಡ, ಅದೇ ಬೇಕು."

ಅವನು ಹಳೆಯದನ್ನು ಬಿಚ್ಚಿ ಎಸೆದು, ಹೊಸದನ್ನು ಕೂರಿಸಿ ವೈರು ಜೋಡಿಸಿದ.

ಕೆರೆ ಏರಿಯಿಂದಲೇ ಹಾರ್ನು ಒತ್ತಿಕೊಂಡು ಬಂದೆ. ನಮ್ಮೆರಡು ಮನೆಗೂ ಒಂದೇ ಅಂಗಳ. ನಾನು ಇಳಿಯುವಷ್ಟರಲ್ಲಿ ನಮ್ಮವ್ವ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಕೇಳದೆ ನನಗೆ ಯಾವತ್ತೂ ಕಾಫಿ ಕೊಟ್ಟವಳಲ್ಲ. ಎದೆ ಉಬ್ಬಿಸಿ ನಿಂತೆ.

ನನ್ನ ಮುಖ ಕಂಡು ಅವಳು ಅಲ್ಲೇ ನಿಂತಳು. "ನೀನಾ? ಅವ್ನು ಬಂದ ಅನ್ಕಂಡೆ ಕಣ್ಲಾ."

ಲೋಟ ಕಿತ್ತುಕೊಂಡು ಕುಡಿದೆ. ಅವನಿಗಿಷ್ಟವೆಂದು ಬೆಲ್ಲ ಜಾಸ್ತಿ ಹಾಕಿದ್ದಳು.